ನೂರಾರು ಚಿತ್ರ, 256 ಬಣ್ಣ: ಡೂಮ್ ಆಟಕ್ಕೆ ಗ್ರಾಫಿಕ್ಸ್ ಒಟ್ಟಿಗೇ ಸಿದ್ಧ ಮಾಡುವುದು ಹೇಗೆ

ರಾಕ್ಷಸರಿಗೆ ಗುಂಡು ಹೊಡೆಯುವ ಕಂಪ್ಯೂಟರ್ ಆಟ ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. 1997ರ ಕೊನೆಯಲ್ಲಿ ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ಸಿಕ್ಕಿತು. ಇವತ್ತಿಗೂ ಜನ ಇದಕ್ಕೆ ಹೊಸ ರಾಕ್ಷಸರನ್ನು, ಹೊಸ ಗೋಡೆಗಳನ್ನು, ಹೊಸ ಬಂದೂಕುಗಳನ್ನು ಮಾಡಿ ಹಾಕುತ್ತಲೇ ಇದ್ದಾರೆ. ನಕ್ಷೆ ಬರೆಯುವುದು ಬೇಗ ಕೈಗೆ ಹತ್ತುತ್ತದೆ. ಚಿತ್ರಗಳನ್ನು ಒಳಗೆ ಸೇರಿಸುವಾಗಲೇ ತುಂಬಾ ಜನ ಕೈಬಿಡುವುದು.

ಕಾರಣ ಲೆಕ್ಕದಲ್ಲಿದೆ. ಇಂಪ್ ಅನ್ನೋ ಸಾಮಾನ್ಯ ರಾಕ್ಷಸನನ್ನೇ ತೊಗೊಳ್ಳಿ. ನಡೆಯೋದು, ದಾಳಿ ಮಾಡೋದು, ಪೆಟ್ಟು ತಿನ್ನೋದು ಸೇರಿ 8 ಫ್ರೇಮ್. ಒಂದೊಂದನ್ನೂ 8 ಕೋನದಿಂದ ತೋರಿಸಬೇಕು, ಅದಕ್ಕೆ 5 ಚಿತ್ರ ಸಾಕು. ಅಲ್ಲಿಗೆ 40 ಚಿತ್ರ. ಸಾಯುವ ಎರಡು ಬಗೆಗೆ ಇನ್ನೂ 13. ಒಂದೇ ಪ್ರಾಣಿಗೆ 53 ಚಿತ್ರ ಆಯ್ತು. ಇಷ್ಟನ್ನು ಒಂದೊಂದಾಗಿ ತೆರೆದು, ಬಣ್ಣ ಬದಲಿಸಿ, ಉಳಿಸುತ್ತಾ ಕೂತರೆ ಯಾರಿಗೂ ತಾಳ್ಮೆ ಉಳಿಯಲ್ಲ. ಆದ್ದರಿಂದ ಒಟ್ಟಿಗೇ ಮಾಡಬೇಕು. ಹಾಗಂತ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದು ಗುಂಡಿ ಒತ್ತಿದರೆ ಎಲ್ಲವೂ ಒಟ್ಟಿಗೇ ಕೆಡುತ್ತವೆ. ಮುಖ್ಯವಾದ ನಿಯಮ ಒಂದೇ: ಬಣ್ಣ ಇಳಿಸುವುದು, ಅಂದರೆ ಚಿತ್ರವನ್ನು ಆಟದ 256 ಬಣ್ಣಕ್ಕೆ ಒಗ್ಗಿಸುವುದು, ಕೊನೆಯ ಕೆಲಸ, ಅದನ್ನು ಒಂದೇ ಸಲ ಮಾಡಬೇಕು. ಉಳಿದ ಹೆಜ್ಜೆಗಳೆಲ್ಲ ಅದಕ್ಕೆ ತಯಾರಿ.

ಏನೇನು ಬೇಕು

ಸ್ಲೇಡ್ ಅನ್ನೋ ಎಡಿಟರ್ ಬೇಕೇ ಬೇಕು. ಉಚಿತ. ಡೂಮ್‌ನ ವ್ಯಾಡ್ ಫೈಲುಗಳನ್ನು ಬಿಚ್ಚಿ ಕಟ್ಟುವ ಕೆಲಸವೆಲ್ಲ ಇದರಲ್ಲೇ. ಆಟದ ಚಿತ್ರ, ಸದ್ದು, ನಕ್ಷೆ ಎಲ್ಲ ತುಂಬಿರುವ ಕಟ್ಟೇ ವ್ಯಾಡ್. ಅಳತೆ ಬದಲಿಸಲು ಎಕ್ಸ್‌ಎನ್‌ಕನ್ವರ್ಟ್ ಸಾಕು. ಸ್ವಂತ ಬಳಕೆಗೆ ಅದೂ ಉಚಿತ. ಕೈಯಿಂದಲೇ ತಿದ್ದಬೇಕಾದ ನಾಲ್ಕಾರು ಚಿತ್ರಗಳಿಗೆ ಗಿಂಪ್ ಅನ್ನೋ ಚಿತ್ರ ತಿದ್ದುವ ತಂತ್ರಾಂಶ. ಆಡಿ ನೋಡಲು ಜಿಝಡ್‌ಡೂಮ್ ಅಥವಾ ಚಾಕಲೇಟ್ ಡೂಮ್. ಇವೆರಡೂ ಇವತ್ತಿನ ಕಂಪ್ಯೂಟರ್‌ನಲ್ಲಿ ಡೂಮ್ ನಡೆಸುವ ಇಂಜಿನ್‌ಗಳು.

ಆಟದ ಮೂಲ ವ್ಯಾಡ್ ಕೂಡ ಬೇಕು. ಡೂಮ್ 2 ಕೊಂಡಿದ್ದರೆ ಅದು. ಇಲ್ಲದಿದ್ದರೆ ಫ್ರೀಡೂಮ್ ಇಳಿಸಿಕೊಳ್ಳಿ. ಇದು ಆಸಕ್ತರೇ ಸೇರಿ ಮಾಡಿದ ಮುಕ್ತ ಪರ್ಯಾಯ. ಡೂಮ್‌ನ ಕೋಡ್ ಮುಕ್ತ ಆಗಿದ್ದರೂ ಅದರ ಚಿತ್ರ, ಸದ್ದು, ನಕ್ಷೆಗಳು ಆಗಿಲ್ಲ. ಅದರ ಮೂಲ ವ್ಯಾಡ್ ಅನ್ನು ನಿಮ್ಮ ಮಾಡ್ (ಆಟಕ್ಕೆ ನೀವು ಮಾಡಿದ ಹೊಸ ಸೇರ್ಪಡೆ) ಜತೆ ಸೇರಿಸಿ ಹಂಚುವ ಹಾಗಿಲ್ಲ.

ಯಾವ ಇಂಜಿನ್‌ಗೆ ಅಂತ ಮೊದಲೇ ತೀರ್ಮಾನಿಸಿ

ಜಿಝಡ್‌ಡೂಮ್‌ಗೆ ಮಾತ್ರ ಮಾಡುತ್ತಿದ್ದರೆ ಅರ್ಧ ಕೆಲಸ ಉಳಿಯುತ್ತದೆ. ಅದು ಪಿಎನ್‌ಜಿ ಚಿತ್ರವನ್ನು ಪೂರ್ತಿ ಬಣ್ಣದಲ್ಲಿ ಹಾಗೆಯೇ ಓದುತ್ತದೆ. ಚಾಕಲೇಟ್ ಡೂಮ್ ಹಾಗಲ್ಲ. ಅದು ಹಳೇ ಡಾಸ್ ಆಟದ ಹಾಗೇ ನಡೆದುಕೊಳ್ಳಬೇಕು ಅಂತಲೇ ಮಾಡಿದ್ದು. ಹಳೇ ರೂಪದ ಚಿತ್ರ ಬಿಟ್ಟು ಬೇರೆ ಮುಟ್ಟಲ್ಲ.

ನನ್ನನ್ನು ಕೇಳಿದರೆ, ಜಿಝಡ್‌ಡೂಮ್‌ಗೇ ಮಾಡಿದರೂ ಆಟದ ಪ್ಯಾಲೆಟ್‌ಗೆ, ಅಂದರೆ ಅದರ ಬಣ್ಣಗಳ ಪಟ್ಟಿಗೆ, ಬಣ್ಣ ಇಳಿಸುವುದೇ ಒಳ್ಳೆಯದು. ಲಕ್ಷಾಂತರ ಬಣ್ಣದ ನಿಮ್ಮ ರಾಕ್ಷಸ 256 ಬಣ್ಣದ ಗೋಡೆಯ ಮುಂದೆ ನಿಂತರೆ ಬೇರೆ ಯಾವುದೋ ಆಟದಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಾನೆ.

ಪ್ಯಾಲೆಟ್ ಅಂದರೆ ಏನು

ಡೂಮ್ ಓಡುತ್ತಿದ್ದದ್ದು 320×200 ಅಳತೆಯ ಪರದೆಯಲ್ಲಿ. ಒಂದು ಸಲಕ್ಕೆ 256 ಬಣ್ಣ. ಆ ಬಣ್ಣಗಳು ಪ್ಲೇಪಾಲ್ ಅನ್ನೋ ಲಂಪ್‌ನಲ್ಲಿ ಕೂತಿವೆ. ವ್ಯಾಡ್ ಒಳಗಿನ ಒಂದೊಂದು ತುಂಡಿಗೂ ಲಂಪ್ ಅಂತಲೇ ಹೆಸರು. ಪ್ಲೇಪಾಲ್‌ನಲ್ಲಿ ಒಂದಲ್ಲ, 14 ಪ್ಯಾಲೆಟ್ ಇವೆ. ಮೊದಲನೆಯದು ಮಾಮೂಲಿ. ಉಳಿದವು ಪೆಟ್ಟು ಬಿದ್ದಾಗ ಪರದೆ ಕೆಂಪಾಗಲು, ಏನಾದರೂ ಎತ್ತಿಕೊಂಡಾಗ ಹಳದಿ ಮಿಂಚಲು, ವಿಕಿರಣ ತಡೆಯುವ ಅಂಗಿ ತೊಟ್ಟಾಗ ಹಸಿರಾಗಲು. ಇವನ್ನು ಆಟವೇ ನೋಡಿಕೊಳ್ಳುತ್ತದೆ. ನಮಗೆ ಬೇಕಾದದ್ದು ಮೊದಲನೆಯದು ಮಾತ್ರ.

ಈ 256ರಲ್ಲಿ ಕಂದು, ಕೆಂಪು, ಬೂದು, ಹಸಿರು ಜಾಸ್ತಿ. ನೀಲಿ ಸ್ವಲ್ಪ. ನೇರಳೆ ಬೆರಳೆಣಿಕೆಯಷ್ಟು. ಹತ್ತಿರದ ಅಂಗಡಿಯಲ್ಲಿ ಸಿಗುವ ದಾರದಲ್ಲೇ ಕಸೂತಿ ಹಾಕಿದ ಹಾಗೆ, ಇರುವ ಬಣ್ಣಕ್ಕೆ ತಕ್ಕ ಚಿತ್ರ ಆರಿಸಿಕೊಳ್ಳುವುದು ಜಾಣತನ. ಕರಾವಳಿಯ ಮುರಕಲ್ಲಿನ ಗೋಡೆಯ ಫೋಟೋ ತೆಗೆದು ಹಾಕಿದರೆ ಚೆನ್ನಾಗಿ ಹೊಂದುತ್ತದೆ, ಆ ಕೆಂಪು ಕಂದು ಛಾಯೆಗಳು ಪ್ಯಾಲೆಟ್‌ನಲ್ಲಿ ಧಾರಾಳವಾಗಿವೆ. ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟ ಪಾತ್ರ ಬೇಕು ಅಂದರೆ ಕಷ್ಟ. ಸೀರೆ ಬೂದೋ ಕಂದೋ ಆಗಿ ಮಣ್ಣುಮಣ್ಣಾಗುತ್ತದೆ. ಅಂಥ ಚಿತ್ರಗಳ ಬಣ್ಣವನ್ನು ಮೊದಲೇ ಗಿಂಪ್‌ನಲ್ಲಿ ಕೆಂಪಿನ ಕಡೆಗೋ ಹಸಿರಿನ ಕಡೆಗೋ ತಿರುಗಿಸಿಬಿಡಿ.

ಇನ್ನೊಂದು ಲಂಪ್ ಇದೆ, ಕಲರ್‌ಮ್ಯಾಪ್. ಕತ್ತಲೆ ಹೆಚ್ಚಿದ ಹಾಗೆ ಯಾವ ಬಣ್ಣ ಯಾವುದಕ್ಕೆ ಇಳಿಯಬೇಕು ಅನ್ನೋ ಪಟ್ಟಿ ಅದರಲ್ಲಿದೆ. ಬೆಳಕಿಗೇ 32 ಹಂತ. ಮೂಲ ಚಿತ್ರವೇ ಕಪ್ಪಾಗಿದ್ದರೆ ಆಟದ ಕತ್ತಲ ಕೋಣೆಯಲ್ಲಿ ಅದು ಬರೀ ಕಪ್ಪು ಕಲೆ. ಹಾಗಾಗಿ ಮಾನಿಟರ್ ಮೇಲೆ ಸರಿ ಅನ್ನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಳಕು, ಜಾಸ್ತಿಯೇ ಕಾಂಟ್ರಾಸ್ಟ್ ಇಟ್ಟುಕೊಳ್ಳಿ.

ಹೆಜ್ಜೆ 1: ವಿಂಗಡಿಸಿ

ಮೂಲ ಚಿತ್ರಗಳ ಒಂದು ಪ್ರತಿ ಪಕ್ಕಕ್ಕಿಡಿ. ಅದನ್ನು ಮುಟ್ಟಬೇಡಿ. ಇನ್ನೊಂದು ಪ್ರತಿಯನ್ನು ನಾಲ್ಕು ಫೋಲ್ಡರ್‌ಗೆ ಹಂಚಿ.

ಮೊದಲನೆಯದು ಸ್ಪ್ರೈಟ್: ರಾಕ್ಷಸರು, ಬಂದೂಕು, ಮದ್ದುಗುಂಡಿನ ಪೆಟ್ಟಿಗೆ, ಮರ, ದೀಪ. ಎರಡನೆಯದು ಫ್ಲಾಟ್, ಅಂದರೆ ನೆಲ ಮತ್ತು ಚಾವಣಿ. ಇದು ಕಡ್ಡಾಯವಾಗಿ 64×64. ಫೈಲ್ ಒಳಗೆ ಅಳತೆಯನ್ನೇ ಬರೆದಿರುವುದಿಲ್ಲ, ಬರೀ 4096 ಬೈಟ್, ಒಂದು ಪಿಕ್ಸೆಲ್‌ಗೆ ಒಂದು. ಮೂರನೆಯದು ಗೋಡೆಯ ಪ್ಯಾಚ್, ಅಂದರೆ ಗೋಡೆಗೆ ಜೋಡಿಸುವ ಚಿತ್ರದ ತುಂಡು. ಹಳೇ ಇಂಜಿನ್‌ಗೆ ಅಗಲ 64, 128, 256 ಹೀಗೆ ಇರಲಿ, ಎತ್ತರ 128 ಇರಲಿ. ನಾಲ್ಕನೆಯದು ಪೂರ್ತಿ ಪರದೆಯ ಚಿತ್ರಗಳು, 320×200.

ನಾಲ್ಕಕ್ಕೂ ಅಳತೆ ಬೇರೆ, ಕೊನೆಯ ರೂಪ ಬೇರೆ. ಒಂದೇ ಬ್ಯಾಚ್‌ನಲ್ಲಿ ಬೆರೆಸಬಾರದು ಅಂದದ್ದು ಇದಕ್ಕೇ.

ಹೆಜ್ಜೆ 2: ಹೆಸರು

ಲಂಪ್ ಹೆಸರಿಗೆ 8 ಅಕ್ಷರ ಮಾತ್ರ, ಅದೂ ದೊಡ್ಡ ಇಂಗ್ಲಿಷ್ ಅಕ್ಷರ. ಫೈಲ್ ಹೆಸರು ಉದ್ದ ಇದ್ದರೆ ಸ್ಲೇಡ್ ಒಳಗೆ ತುಂಡಾಗಿ, ಎರಡು ಮೂರು ಚಿತ್ರಗಳಿಗೆ ಒಂದೇ ಹೆಸರು ಬರಬಹುದು.

ಸ್ಪ್ರೈಟ್‌ಗೆ ಇನ್ನೂ ಬಿಗಿ. ಮೊದಲ 4 ಅಕ್ಷರ ಪಾತ್ರದ ಗುರುತು. ಇಂಪ್‌ಗೆ ಟಿ, ಆರ್, ಓ, ಓ. 5ನೆಯದು ಫ್ರೇಮ್: ಎ, ಬಿ, ಸಿ ಹೀಗೆ. 6ನೆಯದು ಕೋನದ ಅಂಕೆ. 1 ಅಂದರೆ ನಮ್ಮ ಕಡೆಗೆ ಮುಖ, 5 ಅಂದರೆ ಬೆನ್ನು, 3 ಮತ್ತು 7 ಎರಡು ಮಗ್ಗುಲು. 0 ಅಂದರೆ ಎಲ್ಲ ಕಡೆಯಿಂದ ಒಂದೇ ಚಿತ್ರ. ಸಾಯುವ ಫ್ರೇಮ್‌ಗಳಿಗೆ, ನೆಲದ ಮೇಲಿನ ಸಾಮಾನುಗಳಿಗೆ 0 ಸಾಕು.

8 ಕೋನಕ್ಕೆ 5 ಚಿತ್ರ ಸಾಕು ಅಂದದ್ದು ಹೇಗೆ? 7 ಮತ್ತು 8ನೆಯ ಅಕ್ಷರದಲ್ಲಿ ಇನ್ನೊಂದು ಫ್ರೇಮ್, ಇನ್ನೊಂದು ಕೋನ ಬರೆದರೆ ಆಟ ಅದೇ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿ ಬಳಸುತ್ತದೆ. ಎ2ಎ8 ಅಂತ ಹೆಸರಿಟ್ಟರೆ 2ನೇ ಕೋನಕ್ಕೆ ಇದ್ದ ಹಾಗೆ, 8ನೇ ಕೋನಕ್ಕೆ ತಿರುಗಿಸಿ. ಎ3ಎ7, ಎ4ಎ6 ಕೂಡ ಹಾಗೇ. ಒಂದೇ ಕೈಯಲ್ಲಿ ಕತ್ತಿ ಹಿಡಿದ ಪಾತ್ರ ಆದರೆ ಕತ್ತಿ ಕೈಯಿಂದ ಕೈಗೆ ಹಾರುತ್ತದೆ. ಮೂಲ ಆಟದಲ್ಲೂ ಕೆಲವು ರಾಕ್ಷಸರಿಗೆ ಹೀಗಾಗುತ್ತದೆ, ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ.

ಒಟ್ಟಿಗೇ ಹೆಸರು ಬದಲಿಸಲು ವಿಂಡೋಸ್‌ನ ಪವರ್‌ಟಾಯ್ಸ್‌ನಲ್ಲಿರುವ ಪವರ್‌ರೀನೇಮ್ ಚೆನ್ನಾಗಿದೆ. ಚಿತ್ರಗಳನ್ನು ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶದಲ್ಲಿ ಮಾಡುತ್ತಿದ್ದರೆ ಅಲ್ಲಿಂದ ಹೊರಗೆ ಬರುವಾಗಲೇ ಸರಿಯಾದ ಹೆಸರು ಇರುವ ಹಾಗೆ ನೋಡಿಕೊಳ್ಳಿ.

ಹೆಜ್ಜೆ 3: ಅಳತೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಎಡವಟ್ಟು ಜಾಸ್ತಿ ಆಗುವುದು ಇಲ್ಲೇ.

ಮೊದಲ ವಿಷಯ: ಡೂಮ್‌ನ ಪಿಕ್ಸೆಲ್ ಚೌಕ ಅಲ್ಲ. 320×200 ಚಿತ್ರ ಹಳೇ 4:3 ಮಾನಿಟರ್ ತುಂಬ ಹರಡಿಕೊಳ್ಳುತ್ತಿತ್ತು. ಹಾಗಾಗಿ ಒಂದೊಂದು ಪಿಕ್ಸೆಲ್ ಅಗಲಕ್ಕಿಂತ 1.2 ಪಟ್ಟು ಎತ್ತರ. ಇವತ್ತಿನ ಇಂಜಿನ್‌ಗಳೂ ಇದನ್ನೇ ಪಾಲಿಸುತ್ತವೆ. ನಿಮ್ಮ 60×60 ಚಿತ್ರ ಆಟದಲ್ಲಿ 60×72ರ ಹಾಗೆ ಕಾಣುತ್ತದೆ. ದುಂಡು ಮುಖದ ರಾಕ್ಷಸ ಉದ್ದ ಮುಖದವನಾಗುತ್ತಾನೆ. ಪರಿಹಾರ ಸುಲಭ. ಎಕ್ಸ್‌ಎನ್‌ಕನ್ವರ್ಟ್‌ನ ಆಕ್ಷನ್ಸ್ ಪುಟದಲ್ಲಿ ರೀಸೈಜ್ ಸೇರಿಸಿ. ಅನುಪಾತ ಉಳಿಸುವ ಗುರುತು ತೆಗೆಯಿರಿ. ಎತ್ತರವನ್ನು ಅಗಲಕ್ಕಿಂತ ಇನ್ನಷ್ಟು ಇಳಿಸಿ, ಅಂದರೆ ಅಗಲದ ಶೇಕಡಾವಾರಿನ 0.83 ಪಟ್ಟು. ಅಗಲ 30 ಶೇಕಡ ಮಾಡಿದರೆ ಎತ್ತರ 25 ಶೇಕಡ. ಪರದೆ ಚಿತ್ರಕ್ಕೆ 640×480 ಅಳತೆಯಲ್ಲಿ ಬರೆದು ನೇರವಾಗಿ 320×200ಕ್ಕೆ ಇಳಿಸಿದರೆ ಸರಿಯಾಗಿ ಕೂರುತ್ತದೆ. ನೆಲದ ಫ್ಲಾಟ್‌ಗೆ ಇದ್ಯಾವುದೂ ಬೇಡ. ಹಿಗ್ಗುವುದು ಮೇಲೆ ಕೆಳಗೆ ಮಾತ್ರ ಅಲ್ವಾ, ನೆಲ ಮಲಗಿಯೇ ಇರುತ್ತದೆ.

ಎಷ್ಟು ದೊಡ್ಡದು ಇರಬೇಕು? ಸಾಮಾನ್ಯವಾಗಿ ಒಂದು ಪಿಕ್ಸೆಲ್ ಅಂದರೆ ನಕ್ಷೆಯ ಅಳತೆಯಲ್ಲಿ ಒಂದು ಯೂನಿಟ್. ಆಟಗಾರನ ಎತ್ತರ 56. ಮನುಷ್ಯನಂಥ ಪಾತ್ರ 56 ಪಿಕ್ಸೆಲ್ ಆಸುಪಾಸಿನಲ್ಲಿರಲಿ. ಹಳೇ ಇಂಜಿನ್‌ಗೆ ಯಾವ ಸ್ಪ್ರೈಟ್‌ನ ಎತ್ತರವೂ 254 ದಾಟಬಾರದು.

ಎರಡನೆಯ ವಿಷಯ: ಸ್ಪ್ರೈಟ್‌ಗಳನ್ನು "ಎತ್ತರ 56 ಮಾಡು" ಅಂತ ಒಟ್ಟಿಗೇ ಇಳಿಸಲೇಬೇಡಿ. ಕೈ ಎತ್ತಿದ ಫ್ರೇಮ್ ಮೂಲದಲ್ಲೇ ಎತ್ತರ ಇರುತ್ತದೆ. ಅದನ್ನೂ 56ಕ್ಕೆ ಇಳಿಸಿದರೆ ಕೈ ಎತ್ತಿದಾಗಲೆಲ್ಲ ರಾಕ್ಷಸ ಕುಳ್ಳನಾಗುತ್ತಾನೆ. ಬಿದ್ದು ಸತ್ತ ಫ್ರೇಮ್ ಇದ್ದಕ್ಕಿದ್ದಂತೆ ಆನೆಯಷ್ಟಾಗುತ್ತದೆ. ನಿಂತ ಚಿತ್ರ ಒಂದನ್ನು ಅಳೆದು ಶೇಕಡಾವಾರು ಲೆಕ್ಕ ಹಾಕಿ, ಎಲ್ಲ ಫ್ರೇಮ್‌ಗೂ ಅದೇ ಶೇಕಡಾ ಕೊಡಿ.

ಮೂರನೆಯದು: ಒಂದು ಪಾತ್ರದ ಎಲ್ಲ ಫ್ರೇಮ್‌ಗಳ ಕ್ಯಾನ್ವಾಸ್ ಒಂದೇ ಅಳತೆ ಇರಲಿ. ಸುತ್ತ ಖಾಲಿ ಜಾಗ ಉಳಿದರೆ ಉಳಿಯಲಿ, ಕತ್ತರಿಸಬೇಡಿ. ಡೂಮ್‌ನ ಚಿತ್ರರೂಪ ಕಂಬ ಕಂಬವಾಗಿ ಬರೆದದ್ದು, ಪ್ರತಿ ಕಂಬದಲ್ಲೂ ಬಣ್ಣ ಇರುವ ತುಂಡುಗಳನ್ನು ಮಾತ್ರ ಇಡುತ್ತದೆ. ಹಾಗಾಗಿ ಖಾಲಿ ಜಾಗಕ್ಕೆ ಫೈಲ್ ಅಷ್ಟೇನೂ ದಪ್ಪ ಆಗಲ್ಲ. ಪಾದದ ಗೆರೆ ಮಾತ್ರ ಕ್ಯಾನ್ವಾಸ್‌ನ ತಳಕ್ಕೆ ತಾಗಿರಬೇಕು. ಯಾಕೆ ಅಂತ ಐದನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಪಿಕ್ಸೆಲ್ ಪಿಕ್ಸೆಲ್ ಆಗಿ ಕೈಯಲ್ಲಿ ಬರೆದ ಚಿತ್ರವಾದರೆ ರೀಸೈಜ್ ಬಗೆಯನ್ನು ನಿಯರೆಸ್ಟ್‌ಗೆ ಇಡಿ. ಫೋಟೋ, ಬ್ಲೆಂಡರ್ ಚಿತ್ರಗಳಿಗೆ ಲಾಂಚೋಸ್. ಹೊರಗೆ ಬರುವ ರೂಪ ಪಿಎನ್‌ಜಿ, ಪೂರ್ತಿ ಬಣ್ಣ. ಈ ಹಂತದಲ್ಲಿ 256 ಬಣ್ಣಕ್ಕೆ ಇಳಿಸಿದ ಜಿಫ್ ಮಾಡಿಟ್ಟರೆ ಒಂದು ಸಲ ಬಣ್ಣ ಕಳೆದುಕೊಂಡ ಚಿತ್ರ ಮತ್ತೆ ಡೂಮ್ ಪ್ಯಾಲೆಟ್‌ಗೆ ಇಳಿಯುವಾಗ ಇನ್ನೊಂದು ಸಲ ಕಳೆದುಕೊಳ್ಳುತ್ತದೆ.

ಹೆಜ್ಜೆ 4: ಅಂಚು

ಡೂಮ್‌ನಲ್ಲಿ ಪಿಕ್ಸೆಲ್ ಒಂದೋ ಇದೆ, ಇಲ್ಲವೋ ಇಲ್ಲ. ಅರೆಪಾರದರ್ಶಕ ಅನ್ನೋದು ಚಿತ್ರದೊಳಗೆ ಇಲ್ಲ. ಅಳತೆ ಇಳಿಸಿದಾಗ ಅಂಚಿನಲ್ಲಿ ಅರ್ಧಂಬರ್ಧ ಪಿಕ್ಸೆಲ್‌ಗಳು ಹುಟ್ಟುತ್ತವೆ. ಅವು ಗಟ್ಟಿಯಾಗಿ ಉಳಿದರೆ ರಾಕ್ಷಸನ ಸುತ್ತ ಬಿಳಿಯದೋ ಕಪ್ಪುದೋ ಒಂದು ಗೆರೆ.

ಸ್ಲೇಡ್‌ನಲ್ಲಿ ಬದಲಿಸುವಾಗಲೇ ಇದಕ್ಕೆ ಮಿತಿ ಇಡಬಹುದು. ಅದರಿಂದ ಗೆರೆ ಹೋಗದಿದ್ದರೆ ಗಿಂಪ್‌ನ ಲೇಯರ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಥ್ರೆಶೋಲ್ಡ್ ಆಲ್ಫಾ. ಜೆಪೆಗ್ ಚಿತ್ರಗಳದ್ದು ಬೇರೆಯೇ ತಲೆನೋವು. ಅವಕ್ಕೆ ಪಾರದರ್ಶಕತೆಯೇ ಇಲ್ಲ. ಬಿಳಿ ಹಿನ್ನೆಲೆ ಅಂತ ಕಂಡದ್ದು ಹತ್ತಾರು ಬಗೆಯ ಬಿಳಿ. "ಬಿಳಿ ತೆಗೆ" ಅಂದರೆ ಅಂಚಿನ ಕೊಳೆ ಉಳಿಯುತ್ತದೆ. ಸ್ಪ್ರೈಟ್‌ಗೆ ಜೆಪೆಗ್ ಬಳಸಲೇಬೇಡಿ. ಗೋಡೆ, ನೆಲಕ್ಕೆ ಅಡ್ಡಿಯಿಲ್ಲ.

ಹೆಜ್ಜೆ 5: ಸ್ಲೇಡ್ ಒಳಗೆ

ಸ್ಲೇಡ್ ತೆರೆದು ಮೊದಲು ಬೇಸ್ ರಿಸೋರ್ಸ್ ಆರ್ಕೈವ್‌ಗೆ ಡೂಮ್ 2 ಅಥವಾ ಫ್ರೀಡೂಮ್‌ನ ವ್ಯಾಡ್ ಕೊಡಿ. ಪ್ಯಾಲೆಟ್ ಅಲ್ಲಿಂದಲೇ ಬರುತ್ತದೆ. ಇದನ್ನು ಮರೆತು ತಪ್ಪು ಪ್ಯಾಲೆಟ್‌ಗೆ ನೂರು ಚಿತ್ರ ಇಳಿಸಿದರೆ ಎಲ್ಲವನ್ನೂ ಮತ್ತೆ ಮಾಡಬೇಕು.

ಹೊಸ ವ್ಯಾಡ್ ಮಾಡಿ. ಅದರಲ್ಲಿ ಗುರುತಿನ ಲಂಪ್‌ಗಳು ಬೇಕು. ಇವು ಖಾಲಿ, ಹೆಸರು ಮಾತ್ರ. ಸ್ಪ್ರೈಟ್‌ಗಳಿಗೆ ಎಸ್, ಅಂಡರ್‌ಸ್ಕೋರ್, ಸ್ಟಾರ್ಟ್ ಅಂತ ಒಂದು, ಎಸ್, ಅಂಡರ್‌ಸ್ಕೋರ್, ಎಂಡ್ ಅಂತ ಇನ್ನೊಂದು. ಫ್ಲಾಟ್‌ಗೆ ಎಸ್ ಬದಲು ಎಫ್, ಪ್ಯಾಚ್‌ಗೆ ಪಿ. ಚಿತ್ರಗಳನ್ನು ಫೋಲ್ಡರ್‌ನಿಂದ ಎಳೆದು ತಂದು ಆಯಾ ಗುರುತುಗಳ ನಡುವೆ ಬಿಡಿ.

ಈಗ ಒಂದೇ ಒಂದು ಚಿತ್ರ ಆರಿಸಿ. ಬಲ ಗುಂಡಿ ಒತ್ತಿ ಗ್ರಾಫಿಕ್ಸ್, ಅದರೊಳಗೆ ಕನ್ವರ್ಟ್. ತೆರೆಯುವ ಕಿಟಕಿಯಲ್ಲಿ ಮೂಲ ಚಿತ್ರ, ಬದಲಾದ ಚಿತ್ರ ಎರಡೂ ಅಕ್ಕಪಕ್ಕ ಕಾಣುತ್ತವೆ. ರೂಪ ಡೂಮ್ ಜಿಎಫ್‌ಎಕ್ಸ್ ಇರಲಿ. ಪಾರದರ್ಶಕತೆಯ ಜಾಗದಲ್ಲಿ "ಥ್ರೆಶೋಲ್ಡ್ ಸಹಿತ ಇರುವುದನ್ನೇ ಬಳಸು" ಅನ್ನೋ ಅರ್ಥದ ಆಯ್ಕೆ ಇದೆ, ಅದನ್ನು ಇಟ್ಟು ಅಂಚಿನ ಗೆರೆ ಹೋಗುವವರೆಗೆ ಜಾರುಗುಂಡಿ ಸರಿಸಿ. ಬಣ್ಣ ಸರಿ ಬರಲಿಲ್ಲ ಅಂದರೆ ಸ್ಲೇಡ್‌ನ ಸೆಟ್ಟಿಂಗ್‌ನಲ್ಲಿ ಕಲರಿಮೆಟ್ರಿ ಅನ್ನೋ ಭಾಗಕ್ಕೆ ಹೋಗಿ. ಹತ್ತಿರದ ಬಣ್ಣ ಯಾವುದು ಅಂತ ತೀರ್ಮಾನಿಸುವ ಲೆಕ್ಕವನ್ನು ಅಲ್ಲಿ ಬದಲಿಸಬಹುದು. ಸುಮ್ನೆ ಎರಡು ಮೂರು ಹಾಕಿ ನೋಡಿ. ಮೈಬಣ್ಣ, ತುಕ್ಕಿನ ಬಣ್ಣಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆ ಒಂದು ಚಿತ್ರ ಮನಸ್ಸಿಗೆ ಒಪ್ಪಿದ ಮೇಲೆ ಉಳಿದ ಸ್ಪ್ರೈಟ್‌ಗಳನ್ನೆಲ್ಲ ಆರಿಸಿ. ಮತ್ತೆ ಅದೇ ಕಿಟಕಿ ತೆರೆಯಿರಿ. ಅದೇ ಆಯ್ಕೆಗಳು. ಈ ಸಲ ಕನ್ವರ್ಟ್ ಆಲ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಫ್ಲಾಟ್‌ಗಳಿಗೆ ರೂಪ ಡೂಮ್ ಫ್ಲಾಟ್ ಅಂತ ಬದಲಿಸಿ, ಬೇರೆಯಾಗಿ ಮಾಡಿ.

ಡಿಥರಿಂಗ್ ಬೇಡವೇ ಅಂತ ಕೇಳಬಹುದು. ಎರಡು ಬಣ್ಣದ ಚುಕ್ಕಿ ಬೆರೆಸಿ ಇಲ್ಲದ ಮೂರನೇ ಬಣ್ಣ ತೋರಿಸುವ ತಂತ್ರ ಅದು. ಆಕಾಶದ ಚಿತ್ರಕ್ಕೆ, ಪರದೆ ತುಂಬುವ ಚಿತ್ರಕ್ಕೆ ಒಳ್ಳೆಯದೇ. ಸ್ಪ್ರೈಟ್‌ಗೆ ಬೇಡ. ಪ್ರತಿ ಫ್ರೇಮ್‌ನಲ್ಲೂ ಚುಕ್ಕಿಗಳ ಜಾಗ ಬದಲಾಗಿ ಮೈಯೆಲ್ಲ ಇರುವೆ ಹರಿದ ಹಾಗೆ ಕಾಣುತ್ತದೆ. ಬೇಕೇ ಬೇಕಾದ ಚಿತ್ರಗಳಿಗೆ ಸ್ಲೇಡ್‌ನಲ್ಲಿ ಪ್ಲೇಪಾಲ್ ತೆರೆದು ಗಿಂಪ್‌ನ ಪ್ಯಾಲೆಟ್ ಆಗಿ ಹೊರತೆಗೆಯಿರಿ. ಗಿಂಪ್‌ನಲ್ಲಿ ಇಮೇಜ್, ಮೋಡ್, ಇಂಡೆಕ್ಸ್ಡ್. ಆ ಪ್ಯಾಲೆಟ್ ಆರಿಸಿ ಡಿಥರಿಂಗ್ ಕೊಡಿ.

ಇನ್ನು ಆಫ್‌ಸೆಟ್. ಚಿತ್ರದ ಯಾವ ಬಿಂದು ನೆಲಕ್ಕೆ ತಾಗಬೇಕು ಅಂತ ಹೇಳುವ ಎರಡು ಅಂಕೆ ಅದು. ಸ್ಪ್ರೈಟ್‌ಗಳನ್ನೆಲ್ಲ ಆರಿಸಿ, ಗ್ರಾಫಿಕ್ಸ್ ಮೆನುವಿನಲ್ಲಿ ಮಾಡಿಫೈ ಆಫ್‌ಸೆಟ್ಸ್. ಅಲ್ಲಿ ತಾನಾಗಿ ಲೆಕ್ಕ ಹಾಕುವ ಆಯ್ಕೆ ಇದೆ. ರಾಕ್ಷಸರಿಗೆ ಮಾನ್‌ಸ್ಟರ್ ಆರಿಸಿದರೆ ಅಡ್ಡಕ್ಕೆ ಅಗಲದ ಅರ್ಧ, ಉದ್ದಕ್ಕೆ ಎತ್ತರದಲ್ಲಿ 4 ಕಮ್ಮಿ. ಪಾದದ ಗೆರೆ ತಳದಲ್ಲಿರಲಿ ಅಂದದ್ದು ಇದಕ್ಕೇ. ತಳದಲ್ಲಿ ಖಾಲಿ ಜಾಗ ಉಳಿದರೆ ರಾಕ್ಷಸ ಗಾಳಿಯಲ್ಲಿ ತೇಲುತ್ತಾನೆ. ಕ್ಯಾನ್ವಾಸ್ ಅಳತೆ ಫ್ರೇಮ್‌ನಿಂದ ಫ್ರೇಮ್‌ಗೆ ಬದಲಾಗಿದ್ದರೆ ನಡೆಯುವಾಗ ಅತ್ತಿತ್ತ ಕುಲುಕುತ್ತಾನೆ. ಕೈಯಲ್ಲಿ ಹಿಡಿದ ಬಂದೂಕಿಗೆ ಈ ಲೆಕ್ಕ ಬರಲ್ಲ. ಅದಕ್ಕೆ ಹಡ್, ವೆಪನ್ ಅಂತ ಬೇರೆ ಆಯ್ಕೆ ಇದೆ.

ಗೋಡೆಗಳಿಗೆ ಇನ್ನೊಂದು ಸುತ್ತು

ಪ್ಯಾಚ್ ಹಾಕಿದ ಮಾತ್ರಕ್ಕೆ ಗೋಡೆ ಆಗಲ್ಲ. ಹಳೇ ಇಂಜಿನ್‌ನಲ್ಲಿ ಪ್ಯಾಚ್‌ಗಳ ಹೆಸರಿನ ಪಟ್ಟಿ ಒಂದು, ಅವನ್ನು ಜೋಡಿಸಿ ಟೆಕ್ಸ್ಚರ್ (ಗೋಡೆಯ ಪೂರ್ತಿ ಚಿತ್ರ) ಮಾಡುವ ಪಟ್ಟಿ ಇನ್ನೊಂದು. ಸ್ಲೇಡ್‌ನಲ್ಲಿ ಪ್ಯಾಚ್‌ಗಳನ್ನು ಆರಿಸಿ ಗ್ರಾಫಿಕ್ಸ್ ಮೆನುವಿನಿಂದಲೇ ಎರಡಕ್ಕೂ ಸೇರಿಸಬಹುದು. ಪಟ್ಟಿಗಳು ಇಲ್ಲದಿದ್ದರೆ ಮೂಲ ಆಟದಿಂದ ತರಲೇ ಅಂತ ಸ್ಲೇಡ್ ಕೇಳುತ್ತದೆ. ತನ್ನಿ ಅನ್ನಿ. ನಿಮ್ಮ ಪಟ್ಟಿ ಹಳೇದರ ಜತೆ ಕೂಡುವುದಿಲ್ಲ, ಅದರ ಜಾಗಕ್ಕೇ ಬಂದು ಕೂರುತ್ತದೆ. ಹಳೇ ಟೆಕ್ಸ್ಚರ್‌ಗಳ ಹೆಸರೂ ಅದರಲ್ಲಿ ಇರಲೇಬೇಕು.

ಜಿಝಡ್‌ಡೂಮ್‌ಗೆ ಮಾತ್ರ ಆದರೆ ಈ ರಗಳೆ ಇಲ್ಲ. ಟಿಎಕ್ಸ್ ಗುರುತುಗಳ ನಡುವೆ ಚಿತ್ರ ಬಿಟ್ಟರೆ ಮುಗಿಯಿತು.

ಆಡಿ ನೋಡುವಾಗ

ವ್ಯಾಡ್ ಉಳಿಸಿ, ಅದನ್ನು ಜಿಝಡ್‌ಡೂಮ್ ಐಕಾನ್ ಮೇಲೆ ಎಳೆದು ಬಿಡಿ. ಚಾಕಲೇಟ್ ಡೂಮ್‌ಗೆ ಸ್ಪ್ರೈಟ್ ಇರುವ ವ್ಯಾಡ್ ಕೊಡುವಾಗ ಫೈಲ್ ಅನ್ನೋ ಆಯ್ಕೆಯ ಬದಲು ಮರ್ಜ್ ಬಳಸಿ. ಮೂಲ ಡಾಸ್ ಆಟಕ್ಕೆ ನಾಲ್ಕಾರು ಸ್ಪ್ರೈಟ್ ಮಾತ್ರ ಬದಲಿಸಿದ ವ್ಯಾಡ್ ಅರ್ಥವಾಗುತ್ತಿರಲಿಲ್ಲ, ಆ ಗುಣವೂ ಇದಕ್ಕೆ ಬಂದಿದೆ.

ಜಿಝಡ್‌ಡೂಮ್‌ನ ಕನ್ಸೋಲ್‌ನಲ್ಲಿ ಸಮನ್ ಆಜ್ಞೆ ಕೊಟ್ಟು ರಾಕ್ಷಸನನ್ನು ಕರೆಸಿ. ಫ್ರೀಜ್ ಆಜ್ಞೆ ಕೊಟ್ಟರೆ ಅವನು ನಿಂತಲ್ಲೇ ನಿಲ್ಲುತ್ತಾನೆ, ನೀವು ಸುತ್ತ ಓಡಾಡಬಹುದು. ಕೋನ ಅದಲುಬದಲಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಒಂದು ಕತ್ತಲ ಕೋಣೆ, ಒಂದು ಬೆಳಕಿನ ಅಂಗಳ ಎರಡರಲ್ಲೂ ನಿಲ್ಲಿಸಿ ನೋಡಿ. ಜಿಝಡ್‌ಡೂಮ್‌ನಲ್ಲಿ ಸಾಫ್ಟ್‌ವೇರ್ ರೆಂಡರರ್‌ಗೆ ಬದಲಿಸಿ ನೋಡುವುದು ಇನ್ನೂ ಮೇಲು. ಕಲರ್‌ಮ್ಯಾಪ್‌ನ ನಿಜವಾದ ಪರಿಣಾಮ ಅಲ್ಲಿ ಕಾಣುತ್ತದೆ.

ಚಾಕಲೇಟ್ ಡೂಮ್‌ನಲ್ಲಿ ಗೋಡೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳ ಪಟ್ಟಿ ಕಂಡರೆ ಅದು ಟೂಟಿ ಫ್ರೂಟಿ. ಡೂಮ್ ಮಾಡುವವರು ಅದನ್ನು ಕರೆಯುವುದೇ ಹಾಗೆ. 128ಕ್ಕಿಂತ ಕುಳ್ಳ ಟೆಕ್ಸ್ಚರ್ ಅನ್ನು ಅದಕ್ಕಿಂತ ಎತ್ತರದ ಗೋಡೆಗೆ ಹಾಕಿದಾಗ ಆಗುತ್ತದೆ. ಎತ್ತರ 128 ಮಾಡಿ, ಹೋಗುತ್ತದೆ.

ಏನೇ ತಪ್ಪು ಕಂಡರೂ ವ್ಯಾಡ್ ಒಳಗಿನ ಚಿತ್ರವನ್ನು ಮತ್ತೆ ತಿದ್ದಲು ಹೋಗಬೇಡಿ. ಅದರ ಬಣ್ಣ ಆಗಲೇ ಇಳಿದಿದೆ. ಪಕ್ಕಕ್ಕಿಟ್ಟ ಮೂಲ ಪ್ರತಿಗೆ ಹೋಗಿ, ಅಲ್ಲಿಂದ ಮತ್ತೆ ಹೊರಡಿ. ಎಕ್ಸ್‌ಎನ್‌ಕನ್ವರ್ಟ್‌ನ ಆಕ್ಷನ್‌ಗಳನ್ನು ಸ್ಪ್ರೈಟ್‌ಗೆ ಒಂದು, ಫ್ಲಾಟ್‌ಗೆ ಒಂದು, ಪ್ಯಾಚ್‌ಗೆ ಒಂದು ಅಂತ ಬೇರೆ ಬೇರೆ ಉಳಿಸಿಟ್ಟುಕೊಂಡಿದ್ದರೆ ಎರಡನೇ ಸಲ ಮಾಡಲು ಮೊದಲ ಸಲದಷ್ಟು ಹೊತ್ತು ಹಿಡಿಯಲ್ಲ.